ಮೂರನೆಯ ಜಲಪಾತದ ಬಳಿ ಅತ್ತೆಯ ನಿಧನ

ಒತಾಸಿಲಿಯೊ ಮೇಷ್ಟ್ರನ್ನು ನಾನು ಮೊದಲು ಕಂಡ ದಿನ ಅವರು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಟೋಪಿಯನ್ನು ಎದೆಗೆ ಒತ್ತಿಕೊಂಡು, ತಲೆ ತಗ್ಗಿಸಿ ನಿಂತಿದ್ದರು. ಅವರ ಹಿಂದೆ ಇಡೀ ಆರನೆಯ ತರಗತಿ ಹಾಗೆಯೇ ನಿಂತಿತ್ತು. ಸಾಂತಾರೆಂ ಊರಿಗೆ ವರ್ಗವಾಗಿ ಬಂದು ನಾನು ಆಗಷ್ಟೇ ಹಾಜರಿ ಹಾಕಿದ್ದೆ. ಮೊದಲ ದಿನವೇ ಸಾವಿನ ಸೂತಕ! ಮೆಲ್ಲಗೆ ಪಕ್ಕಕ್ಕೆ ಹೋಗಿ, "ಯಾರು ಹೋದ್ರು ಸಾರ್?" ಎಂದೆ.

"ಅಡುಗೆಯವಳು. ಹಾವು ಕಚ್ಚಿತು."

"ಅಯ್ಯೋ! ನಮ್ಮ ಶಾಲೆ ಅಡುಗೆಯವಳೇ?"

"ಅಲ್ಲ ಸಾರ್, ದೋಣಿ ಅಡುಗೆಯವಳು," ಎಂದು ಅವರು ಕಂಪ್ಯೂಟರಿನ ಪರದೆಯ ಕಡೆಗೆ ಬೆರಳು ತೋರಿಸಿದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು!

ಅದೊಂದು ಪಾಠದ ಆಟ. ಐದು ಜನರ ದೋಣಿ ಸಮುದ್ರದ ಬಾಯಿಂದ ಹೊರಟು, ನಮ್ಮ ದೊಡ್ಡ ಹೊಳೆಯಲ್ಲಿ ಕಾಡಿನ ನಡುವೆ ಸಾಗಿ, ಬೆಟ್ಟದ ಮೇಲಿನ ಊರಿನ ರೋಗಿಗಳಿಗೆ ಔಷಧಿ ಮುಟ್ಟಿಸಬೇಕು. ದಾರಿಯಲ್ಲಿ ಮೀನು ಹಿಡಿಯಬೇಕು, ತೇಲಿಬರುವ ದಿಮ್ಮಿಗಳನ್ನು ತಪ್ಪಿಸಬೇಕು, ಗಾಳ ಕೊಟ್ಟು ಮರಗೆಣಸಿನ ಹಿಟ್ಟು ಕೊಳ್ಳಬೇಕು, ಜ್ವರಕ್ಕೆ ಕ್ವಿನೈನ್ ಉಳಿಸಿಕೊಳ್ಳಬೇಕು. ಹೊಳೆಯನ್ನೇ ಕಾಣದ ದೂರದ ದೇಶದ ಮಕ್ಕಳಿಗಾಗಿ ಯಾರೋ ಮಾಡಿದ್ದು. ಆ ಹೊಳೆಯಲ್ಲೇ ಹಲ್ಲುಜ್ಜುವ ನಮ್ಮ ಮಕ್ಕಳು, "ಸಾರ್, ತಂಬಾಕಿ ಮೀನು ಹಿಂಗೆಲ್ಲಾ ಈಜಲ್ಲ!" ಎಂದು ನಗುತ್ತಿದ್ದರು. ಮೇಷ್ಟ್ರೊಬ್ಬರೇ ನಗುತ್ತಿರಲಿಲ್ಲ. ದೋಣಿಯಲ್ಲಿ ಒಬ್ಬರು ಸತ್ತ ದಿನ ಅವರಿಗೆ ಮನೆಯಲ್ಲಿ ಊಟ ಇಳಿಯುತ್ತಿರಲಿಲ್ಲ. ಅವರು ಎಷ್ಟೇ ಜೋಪಾನ ಮಾಡಿದರೂ ಐವರೂ ಜೀವಂತವಾಗಿ ಬೆಟ್ಟ ಮುಟ್ಟಿದ ದಾಖಲೆ ನಮ್ಮ ಶಾಲೆಯ ಚರಿತ್ರೆಯಲ್ಲಿಯೇ ಇಲ್ಲ.

ಕಾಲ ಸರಿಯಿತು, ಇಬ್ಬರೂ ನಿವೃತ್ತರಾದೆವು. ಶಾಲೆಗೆ ಹೊಸ ಯಂತ್ರಗಳು ಬಂದಾಗ ಹಳೆಯದೊಂದನ್ನು ಆ ಆಟದ ಸಮೇತ ಮೇಷ್ಟ್ರಿಗೆ ಕೊಟ್ಟು ಕೈಮುಗಿದರು. ಅವರ ಹೆಂಡತಿ ಲುಸಿದಾಲ್ವಾ ಅದಕ್ಕೆ ಒಂದು ಬಟ್ಟೆ ಹೊದಿಸಿ, ಮೇಲೊಂದು ಹೂದಾನಿ ಇಟ್ಟರು. ಯಂತ್ರಕ್ಕೆ ಸಮಾಧಿಯಾಯಿತು, ಮನೆಯಲ್ಲಿ ಶಾಂತಿ ನೆಲೆಸಿತು.

ಆಮೇಲೆ ಲುಸಿದಾಲ್ವಾಗೆ ಕಣ್ಣಿನ ಪೊರೆ ಬಂತು. ಶಸ್ತ್ರಕ್ರಿಯೆಗೆಂದು ಬೆಲೆಂ ನಗರದಲ್ಲಿರುವ ತಂಗಿಯ ಮಗಳ ಮನೆಗೆ ಹೊರಟರು. ಮುಪ್ಪಿನ ತಾಯಿ ದೋನಾ ದಿಯೋಲಿಂದಾರನ್ನು ನೋಡಿಕೊಳ್ಳುವ ಹೊಣೆ ಮೇಷ್ಟ್ರ ಮೇಲೆ ಬಿತ್ತು. ಧಕ್ಕೆಯಲ್ಲಿ ದೊಡ್ಡ ದೋಣಿ ಕೂಗು ಹಾಕುವ ಹೊತ್ತಿಗೆ ಮೇಷ್ಟ್ರು ಎದೆಯುಬ್ಬಿಸಿ ಪ್ರತಿಜ್ಞೆ ಮಾಡಿದರು.

"ನೀನು ನಿಶ್ಚಿಂತೆಯಿಂದ ಹೋಗು. ಈ ಊರಿನ ಅರ್ಧ ಮಕ್ಕಳನ್ನ ದಡ ಮುಟ್ಟಿಸಿದವನು ನಾನು. ನನಗೆ ಒಬ್ಬ ಅತ್ತೆ ಭಾರವೇ?"

"ನೋಡ್ರೀ, ಆಪರೇಷನ್ ಆದ ಮೇಲೆ ಒಂದು ಹನಿ ಕಣ್ಣೀರು ಬರಬಾರದು ಅಂದಿದ್ದಾರೆ ಡಾಕ್ಟರು. ಹೊಲಿಗೆ ಬಿಟ್ಟರೆ ಕಣ್ಣಿನ ಆಸೆ ಬಿಟ್ಟ ಹಾಗೇ ಅಂತೆ. ಅಮ್ಮನಿಗೆ ಏನಾದರೂ ಮಾಡಿ ನನ್ನನ್ನ ಅಳಿಸಿದಿರೋ, ಕಣ್ಣು ಹೋಗೋದು ನನ್ನದು, ತಲೆ ಹೋಗೋದು ನಿಮ್ಮದು!"

"ಛೇ, ಏನು ಮಾತಾಡ್ತೀಯ!"

"ಆ ಪೆಟ್ಟಿಗೆ ಮುಟ್ಟಬೇಡಿ."

"ಯಾವ ಪೆಟ್ಟಿಗೆ?"

"ಯಾವುದು ಅಂತ ನಿಮಗೂ ಗೊತ್ತು, ನನಗೂ ಗೊತ್ತು."

ದೋಣಿ ತಿರುವಿನಲ್ಲಿ ಮರೆಯಾಗುವವರೆಗೂ ಮೇಷ್ಟ್ರು ಕೈಬೀಸಿದರು. ಮನೆಗೆ ಬಂದವರೇ ಹೂದಾನಿ ಇಳಿಸಿದರು.

ಅವರ ಮನಸ್ಸು ಕೆಟ್ಟದ್ದೇನಲ್ಲ. ಈ ಸಲ ಐವರನ್ನೂ ಬೆಟ್ಟ ಮುಟ್ಟಿಸಿಯೇ ತೀರಬೇಕೆಂಬುದು ಅವರ ಹಳೆಯ ಹಂಬಲ. ತಮ್ಮವರಿದ್ದರೆ ಇನ್ನೂ ಜೋಪಾನವಾಗಿ ನಡೆಸುತ್ತೇನೆಂದು ದೋಣಿಯವರಿಗೆಲ್ಲ ಮನೆಯವರ ಹೆಸರನ್ನೇ ಇಟ್ಟರು. ನಾಯಕ ಸ್ವತಃ ಒತಾಸಿಲಿಯೊ. ಮುಂದೆ ಲುಸಿದಾಲ್ವಾ, ನಡುವೆ ಅತ್ತೆ ದಿಯೋಲಿಂದಾ, ಹಿಂದೆ ನಾನು, ಮತ್ತು ಪಕ್ಕದ ಮನೆಯ ದೋನಾ ಪೆರ್ಪೆತುವಾ.

ಕೆಲವು ದಿನ ಎಲ್ಲವೂ ಸುಸೂತ್ರ. ಬೆಲೆಂನಲ್ಲಿ ಶಸ್ತ್ರಕ್ರಿಯೆ ಚೆನ್ನಾಗಿ ಆಯಿತೆಂದು ಫೋನು ಬಂತು. ನಿಜವಾದ ಅತ್ತೆ ಜೋಲಿಯಲ್ಲಿ ತೂಗಿಕೊಂಡು, ಬೀಸಣಿಗೆ ಬೀಸಿಕೊಂಡು ಆರಾಮವಾಗಿದ್ದರು. ದೋಣಿಯಲ್ಲಿದ್ದ ಅತ್ತೆಯೂ ಎರಡು ಜಲಪಾತ ದಾಟಿದರು. ಆದರೆ ಮೂರನೆಯದರ ಬಳಿ ಅವರಿಗೆ ಜ್ವರ ಹಿಡಿಯಿತು. ಮೇಷ್ಟ್ರು ಕ್ವಿನೈನ್ ಡಬ್ಬಿ ತೆಗೆದು ನೋಡಿದರೆ ಖಾಲಿ! ಹಿಂದಿನ ದಿನವಷ್ಟೇ ಅವರು ಉಳಿದ ಕ್ವಿನೈನನ್ನು ಗಾಳಗಳಿಗೆ ಬದಲಾಯಿಸಿಕೊಂಡಿದ್ದರು. ಪರದೆಯ ಮೇಲೆ ಕಪ್ಪು ಅಕ್ಷರ ಮೂಡಿತು: ದಿಯೋಲಿಂದಾ ತೀರಿಕೊಂಡರು.

ಮೇಷ್ಟ್ರು ನನಗೆ ಫೋನು ಮಾಡಿದರು. ನನಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ಅವರು ನನ್ನೊಡನೆ ಮಾತನಾಡಿದರೆ ಬೀದಿಗೆಲ್ಲ ಕೇಳಿಸುತ್ತದೆ.

"ಅತ್ತೆ ಹೋದರು ಕಣಯ್ಯಾ! ಜ್ವರ! ಕ್ವಿನೈನ್ ಮುಗಿದುಹೋಗಿತ್ತು! ಎಲ್ಲಾ ನನ್ನ ತಪ್ಪು! ಮೂರನೇ ಜಲಪಾತ ಒಂದು ದಾಟಿದ್ದರೆ ಉಳಿದುಬಿಡ್ತಿದ್ದರು!"

"ಹೋಗಲಿ ಬಿಡಿ ಮೇಷ್ಟ್ರೇ. ದೋಣಿ ಹಗುರ ಆಯ್ತಲ್ಲ, ಬೇಗ ಹೋಗುತ್ತೆ," ಎಂದು ನಾನು ಸಮಾಧಾನ ಹೇಳಿದೆ.

ಬೇಲಿಯಾಚೆ ಬಟ್ಟೆ ಹಿಂಡುತ್ತಿದ್ದ ದೋನಾ ಪೆರ್ಪೆತುವಾ ನನ್ನ ಸಮಾಧಾನವನ್ನು ಕೇಳಲಿಲ್ಲ. ಮೇಷ್ಟ್ರ ಪ್ರಲಾಪವನ್ನು ಮಾತ್ರ ಕೇಳಿದರು. ಜಲಪಾತದ ಮಾತು ಅವರಿಗೆ ಅರ್ಥವಾಗಲಿಲ್ಲ. ದುಃಖದಲ್ಲಿ ಮನುಷ್ಯ ಏನೇನೋ ಆಡುತ್ತಾನೆ ಎಂದುಕೊಂಡು ಶಿಲುಬೆಯ ಗುರುತು ಮಾಡಿಕೊಂಡರು. ಮನೆಯೊಳಗೆ ಬಂದು ನೋಡಬಹುದಿತ್ತು. ಆದರೆ ನಮ್ಮ ಸೆಕೆಗೆ ಹೆಣ ಕಾಯುವುದಿಲ್ಲ. ಮೊದಲು ಸುದ್ದಿ, ಆಮೇಲೆ ಕಣ್ಣೀರು, ಇದು ಹೊಳೆಯವರ ನಿಯಮ. ಹೊಳೆಯ ಮೇಲ್ಗಡೆ ಫೋನು ಸಿಗದ ಊರುಗಳಿಗೆ ಸುದ್ದಿ ಮುಟ್ಟಿಸುವುದು ರೇಡಿಯೋದ ಸಂಜೆಯ ಸಂದೇಶಗಳು. ಆ ಪುಣ್ಯಾತ್ಗಿತ್ತಿ ಒದ್ದೆ ಕೈಯಲ್ಲೇ ರೇಡಿಯೋ ನಿಲಯಕ್ಕೆ ಓಡಿದರು.

ಸಂಜೆಯಾಯಿತು. ಸಂದೇಶಗಳ ಹೊತ್ತಿಗೆ ಅತ್ತೆ ಜೋಲಿಯಲ್ಲಿ ಎದ್ದು ಕುಳಿತು ರೇಡಿಯೋ ಹಚ್ಚಿದರು. ಯಾರು ಹೆತ್ತರು, ಯಾರು ಸತ್ತರು, ಯಾರ ಹಸು ಕಾಣೆಯಾಯಿತು ಎಂದು ಕೇಳದೆ ಅವರು ಕಾಫಿ ಮುಟ್ಟುವವರಲ್ಲ. ಪಾದ್ರಿಯ ಕಂಠದ ವಾಚಕರು ಓದಿದರು:

"ತಪಜೋಸ್ ಹೊಳೆಯ ಮೇಲ್ಗಡೆಯ ಒಲಾವೊ ಅವರಿಗೆ ಮತ್ತು ಬಂಧುಗಳಿಗೆಲ್ಲ ತಿಳಿಸುವುದೇನೆಂದರೆ, ನಿಮ್ಮ ಅಕ್ಕ ದೋನಾ ದಿಯೋಲಿಂದಾ ಸಾಂತಾರೆಂನಲ್ಲಿ ಜ್ವರದಿಂದ, ಕ್ವಿನೈನ್ ಸಿಗದೆ, ಇಂದು ದೈವಾಧೀನರಾದರು. ನಾಳೆ ಮಣ್ಣು. ಮಲಗಲು ಜೋಲಿ ತರುವುದು. ಈ ಸಂದೇಶ ಕೇಳಿದವರು ದಯವಿಟ್ಟು ಮುಂದಕ್ಕೆ ಮುಟ್ಟಿಸಿ."

"ಅಯ್ಯೋ ಪಾಪ!" ಅತ್ತೆ ಲೊಚಗುಟ್ಟಿದರು. "ನನ್ನ ಹೆಸರಿನವಳೇ ಇನ್ನೊಬ್ಬಳು ನೋಡಿ ಅಳಿಯಂದಿರೇ."

ಮೇಷ್ಟ್ರು ರೇಡಿಯೋ ಆರಿಸಲು ಕೈಚಾಚಿದರು.

"ಅವಳಿಗೂ ಒಲಾವೊ ಅಂತ ತಮ್ಮ ಇದ್ದಾನೆ! ಅವನೂ ತಪಜೋಸ್ ಮೇಲ್ಗಡೆಯವನೇ! ಎಂಥಾ ಕಾಕತಾಳೀಯ!" ಅತ್ತೆ ಕಾಫಿ ಲೋಟ ಎತ್ತಿದರು. ಅರ್ಧಕ್ಕೆ ನಿಲ್ಲಿಸಿದರು. ಹಡಗು ದಿಕ್ಕು ಬದಲಿಸುವ ಹಾಗೆ ಅವರ ತಲೆ ನಿಧಾನವಾಗಿ ಅಳಿಯನ ಕಡೆ ತಿರುಗಿತು.

"ಅಳಿಯಂದಿರೇ."

"ಹೇಳಿ ಅತ್ತೆ."

"ನಾನು ಯಾವಾಗ ಸತ್ತೆ?"

ಮೇಷ್ಟ್ರು ತೊದಲುತ್ತಾ ಎಲ್ಲವನ್ನೂ ಒಪ್ಪಿಸಿದರು. ಅತ್ತೆ ಮೂರ್ಛೆ ಹೋಗಲಿಲ್ಲ. ಕಿಡಿಕಿಡಿಯಾದರು.

"ಜ್ವರವಂತೆ! ನಮ್ಮ ವಂಶದಲ್ಲಿ ಒಬ್ಬರಾದರೂ ಜ್ವರಕ್ಕೆ ಸತ್ತಿದ್ದಾರೇನ್ರೀ? ನಮ್ಮಪ್ಪ ಮೊಸಳೆಗೆ ಸತ್ತ! ನಾಲ್ಕು ಗಾಳಕ್ಕೆ ನನ್ನ ಔಷಧಿ ಮಾರಿಬಿಟ್ಟಿರಾ?" ಎಂದವರು ಸಟ್ಟನೆ ಬಾಯಿಗೆ ಕೈ ಇಟ್ಟುಕೊಂಡರು. "ಅಯ್ಯೋ, ಲುಸಿದಾಲ್ವಾ! ಅವಳ ಕಿವಿಗೆ ಬಿದ್ದರೆ?"

ಮೇಷ್ಟ್ರಿಗೆ ಆಗ ನೆನಪಾಯಿತು. ಹೆಂಡತಿಯ ಕಣ್ಣು! ರೇಡಿಯೋ ಬೆಲೆಂವರೆಗೆ ಕೇಳುವುದಿಲ್ಲ, ನಿಜ. ಆದರೆ 'ಕೇಳಿದವರು ಮುಂದಕ್ಕೆ ಮುಟ್ಟಿಸಿ' ಎಂದ ಮೇಲೆ ಹೊಳೆಯವರು ಮುಟ್ಟಿಸದೆ ಬಿಡುವವರೇ? ಅದು ಅವರಿಗೆ ಧರ್ಮ. ಮೇಷ್ಟ್ರು ಫೋನಿಗೆ ಹಾರಿದರು.

ಎಂಗೇಜ್!

ಮತ್ತೆ ತಿರುಗಿಸಿದರು. ಎಂಗೇಜ್! ಯಾರೋ ಆಗಲೇ ಹೇಳುತ್ತಿದ್ದಾರೆ! ಪಟ್ಟಿ ಕಟ್ಟಿದ ಕಣ್ಣು, ಅದರೊಳಗೆ ಕಣ್ಣೀರು, ಒಂದೊಂದಾಗಿ ಬಿಚ್ಚಿಕೊಳ್ಳುವ ಹೊಲಿಗೆ, ಎಲ್ಲವೂ ಅವರ ಕಣ್ಣಮುಂದೆ ಕುಣಿದವು. ಚಪ್ಪಲಿ ಮೆಟ್ಟದೆ ರೇಡಿಯೋ ನಿಲಯಕ್ಕೆ ಓಡಿದರು.

"ತಿದ್ದುಪಡಿ ನಾಳೆ ಸಂಜೆಗೆ, ಮೇಷ್ಟ್ರೇ," ಎಂದರು ವಾಚಕರು, ಕನ್ನಡಕ ಒರೆಸುತ್ತಾ. "ಸಂದೇಶ ಮುಗೀತು. ಈಗ ಜಪಮಾಲೆ ಪ್ರಾರ್ಥನೆ ಶುರು. ಬೇಕಾದರೆ ಅದರಲ್ಲಿ ಅವರ ಆತ್ಮಕ್ಕೆ ಶಾಂತಿ ಕೋರಿಸ್ತೀನಿ."

"ಆತ್ಮ ಅವರ ಹತ್ತಿರಾನೇ ಇದೆ ಸ್ವಾಮೀ!"

ಅಲ್ಲಿಂದ ಧಕ್ಕೆಗೆ. ಹೊಳೆಯ ಮೇಲ್ಗಡೆಗೆ ಹೊರಟ ಒಂದೊಂದು ದೋಣಿಗೂ ಕೈಯೆತ್ತಿ ಕೂಗಿದರು: "ದಿಯೋಲಿಂದಾ ಸತ್ತಿಲ್ಲಾ! ಎಲ್ಲರಿಗೂ ಹೇಳೀ!"

"ಯಾರು ದಿಯೋಲಿಂದಾ?" ಎಂದನೊಬ್ಬ ಜೋಲಿಯಿಂದ ತಲೆಯೆತ್ತಿ.

"ನಮ್ಮತ್ತೆ!"

"ಅತ್ತೆ ಸತ್ತಿಲ್ಲವೇ?" ಆತ ಕನಿಕರದಿಂದ ತಲೆಯಾಡಿಸಿದ. "ಸಮಾಧಾನ ಮಾಡಿಕೊಳ್ಳಿ ಮೇಷ್ಟ್ರೇ. ನಮ್ಮ ಮನೇಲೂ ಹಾಗೇ."

ಮಲಗುವವರೆಗೂ ಫೋನು ಎಂಗೇಜ್. ಅನ್ನ ಸೇರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಬೀದಿಯ ತುಂಬ ಬಂಧುಗಳು! ಹೆಗಲ ಮೇಲೆ ಜೋಲಿ, ಕಂಕುಳಲ್ಲಿ ಬಾತುಕೋಳಿ, ತಲೆಯ ಮೇಲೆ ಹಿಟ್ಟಿನ ಮೂಟೆ. ಎಲ್ಲರಿಗೂ ಮುಂದೆ ದೋಣಿ ಕಟ್ಟುವ ಒಲಾವೊ. ಅವರ ಬೆನ್ನ ಹಿಂದೆ ನಾಲ್ವರು ಹೊತ್ತ ಹೊಚ್ಚಹೊಸ ಶವಪೆಟ್ಟಿಗೆ!

"ಅಕ್ಕಾ!" ಎಂದು ಒಲಾವೊ ಗೋಳಾಡಿದರು.

"ಏನೋ?" ಎಂದರು ಅಕ್ಕ, ಬೀಸಣಿಗೆ ಬೀಸಿಕೊಳ್ಳುತ್ತಾ ಬಾಗಿಲಿಗೆ ಬಂದು.

ನಾಲ್ವರೂ ಪೆಟ್ಟಿಗೆ ಕೈಬಿಟ್ಟರು. ಅದು ಮೇಷ್ಟ್ರ ಕಾಲ ಮೇಲೆ ಬಿತ್ತು. ಅವರು ಕಿರುಚಿದ್ದನ್ನು ಯಾರೂ ಗಮನಿಸಲಿಲ್ಲ, ಎಲ್ಲರೂ ಕಿರುಚುತ್ತಿದ್ದರು. ಗಲಾಟೆ ಅಡಗಿದ ಮೇಲೆ ಅತ್ತೆ ಪೆಟ್ಟಿಗೆಯನ್ನು ಬಾಗಿ ಪರೀಕ್ಷಿಸಿದರು.

"ಮರ ಒಳ್ಳೇದು. ಆದರೆ ಗಿಡ್ಡ ಆಯ್ತಲ್ಲೋ!"

"ಅಂದಾಜಿನ ಮೇಲೆ ಮಾಡಿದ್ದು ಅಕ್ಕಾ," ಎಂದ ಒಲಾವೊ ಅವಮಾನದಿಂದ ಕೆಂಪಾದರು. ಆಮೇಲೆ ಅವರ ದೃಷ್ಟಿ ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ಅಳೆಯಿತು. "ಅಳಿಯಂದಿರಿಗೆ ಸರಿಹೋಗುತ್ತೆ ಅನ್ಸುತ್ತೆ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಬಾತುಕೋಳಿಗಳೂ ಸುಮ್ಮನಾದವು. ಮೇಷ್ಟ್ರು ಕುಂಟುತ್ತಾ ಹೋಗಿ ಫೋನೆತ್ತಿದರು.

"ಲುಸಿದಾಲ್ವಾ! ಅಳಬೇಡ! ಅಮ್ಮ ಇಲ್ಲೇ ಇದ್ದಾರೆ, ಬೈತಾ ಇದ್ದಾರೆ, ಗಟ್ಟಿಯಾಗಿದ್ದಾರೆ! ನಿನ್ನ ಕಣ್ಣು..."

"ಗೊತ್ತುರೀ. ನಿನ್ನೇನೇ ಗೊತ್ತು."

"ಗೊತ್ತೇ?"

"ಚಿಕ್ಕಪ್ಪನ ಮಗ ಫೋನು ಮಾಡಿ ಹೋ ಅಂತ ಅತ್ತ. ನಾನು, 'ಅಮ್ಮ ಹೇಗೆ ಹೋದಳೋ?' ಅಂದೆ. 'ಕ್ವಿನೈನ್ ಸಿಗದೆ' ಅಂದ. ಈ ಕಾಲದಲ್ಲಿ ಯಾರ ಮನೇಲ್ರೀ ಕ್ವಿನೈನ್ ಮುಗಿಯೋದು? ಮೂವತ್ತು ವರ್ಷ ಕ್ವಿನೈನ್ ಮುಗೀತು, ಕ್ವಿನೈನ್ ಮುಗೀತು ಅಂತ ನನ್ನ ಮುಂದೆ ಊಟ ಬಿಟ್ಟವರು ನೀವೊಬ್ಬರೇ! ಆಗಲೇ ತಿಳೀತು, ಹೂದಾನಿ ಇಳಿದಿದೆ ಅಂತ. ಆಮೇಲೆ ರಾತ್ರಿಯವರೆಗೂ ಫೋನಿದ್ದವರಿಗೆಲ್ಲಾ ನಾನೇ ಹೇಳಿದೆ, ಹೊರಡಬೇಡಿ ಅಂತ."

ಮೇಷ್ಟ್ರು ದೇವರಿಗೆ ಕೈಮುಗಿಯಲು ಫೋನನ್ನು ಭುಜಕ್ಕೆ ಸಿಕ್ಕಿಸಿಕೊಂಡರು. "ಹಾಗಾದರೆ ನೀನು ಅಳಲಿಲ್ಲ?"

"ಅಳಲಿಲ್ಲ. ನಕ್ಕೆ. ಅಮ್ಮನ್ನ ದೋಣೀಲಿ ಕೂರಿಸಿಕೊಂಡು ನೀವು ಹುಟ್ಟು ಹಾಕ್ತಿರೋದು ನೆನೆಸಿಕೊಂಡು ನಕ್ಕು ನಕ್ಕು, ಕಣ್ಣಲ್ಲಿ ದಳದಳ ನೀರು ಬಂದು ಪಟ್ಟಿಯೆಲ್ಲಾ ತೊಯ್ದುಹೋಯ್ತು!"

"ಅಯ್ಯಯ್ಯೋ! ಹೊಲಿಗೆ?"

"ಬೆಳಿಗ್ಗೇನೇ ಡಾಕ್ಟರ ಹತ್ತಿರ ಹೋಗಿದ್ದೆ. ಹೊಲಿಗೆ ಗಟ್ಟಿ ಇದೆ. 'ಯಾರಮ್ಮಾ ಇಷ್ಟು ಅಳಿಸಿದ್ದು?' ಅಂತ ಬೈದರು. ನಿಮ್ಮ ಹೆಸರು ಬರೆದುಕೊಂಡಿದ್ದಾರೆ."

ಮೇಷ್ಟ್ರು ಅಲ್ಲೇ ಶವಪೆಟ್ಟಿಗೆಯ ಮೇಲೆ ಕುಸಿದು ಕುಳಿತರು.

ಬಂದ ಬಂಧುಗಳು, ಬಂದದ್ದಕ್ಕೆ ಒಂದು ಅರ್ಥವಿರಲಿ ಎಂದು, ತಂದ ಬಾತುಕೋಳಿಗಳು ಮುಗಿಯುವವರೆಗೂ ಗೋಡೆಯ ಕೊಕ್ಕೆಗಳಿಗೆಲ್ಲ ಜೋಲಿ ಕಟ್ಟಿ ಉಳಿದರು. ದೋನಾ ಪೆರ್ಪೆತುವಾ ತಪ್ಪಿನ ಕಾಣಿಕೆಯಾಗಿ ದಿನವೂ ಅಡುಗೆಗೆ ಬಂದರು. ಲುಸಿದಾಲ್ವಾ ಮರಳಿ ಬಂದಾಗ ಅವರ ಕಣ್ಣು ಎಷ್ಟು ಚುರುಕಾಗಿತ್ತೆಂದರೆ, ಗಂಡನ ಮುಖದ ಅಪರಾಧ ಅವರಿಗೆ ಧಕ್ಕೆಗೆ ಇಳಿಯುವ ಮೊದಲೇ ಕಾಣಿಸಿತು.

ಈಗ ಆ ಯಂತ್ರದ ಮೇಲೆ ಹೂದಾನಿಯಿಲ್ಲ. ದೋನಾ ದಿಯೋಲಿಂದಾರ ಕಟ್ಟಪ್ಪಣೆ ಹಾಗಿದೆ. ನಡುದಾರಿಯಲ್ಲಿ ಬಿಟ್ಟು ಬಂದವರು ನೀವು, ಬೆಟ್ಟ ಮುಟ್ಟಿಸಬೇಕಾದವರೂ ನೀವೇ ಎಂದು ಅಳಿಯನಿಗೆ ಹೇಳಿದ್ದಾರೆ. ದಿನವೂ ಮಧ್ಯಾಹ್ನ ಮೇಷ್ಟ್ರು ಹುಟ್ಟು ಹಾಕುತ್ತಾರೆ, ಅತ್ತೆ ಹಿಂದೆ ಕುರ್ಚಿ ಹಾಕಿಕೊಂಡು, "ಎಡಕ್ಕೆ! ದಿಮ್ಮಿ! ಕಣ್ಣು ಕಾಣಲ್ವೇ?" ಎಂದು ಬೀಸಣಿಗೆಯಿಂದ ತಲೆಗೆ ಮೊಟಕುತ್ತಾರೆ. ಯಾರಿಗೆ ಜ್ವರ ಬಂದರೂ ಡಬ್ಬಿಯ ಕ್ವಿನೈನ್ ಅಷ್ಟೂ ಅತ್ತೆಗೇ ಮೀಸಲು. ಹಾಗಾಗಿ ಮೂರನೆಯ ಜಲಪಾತದ ಬಳಿ ಈಗ ದಿನಾಲೂ ಸಾಯುತ್ತಿರುವವರು ಒತಾಸಿಲಿಯೊ ಮೇಷ್ಟ್ರು. ಬೇಲಿಯಾಚೆ ದೋನಾ ಪೆರ್ಪೆತುವಾ ಅದನ್ನೆಲ್ಲ ಕೇಳಿಸಿಕೊಳ್ಳುತ್ತಲೇ ಇರುತ್ತಾರೆ. ಇದುವರೆಗೆ ಒಮ್ಮೆಯೂ ರೇಡಿಯೋ ನಿಲಯಕ್ಕೆ ಓಡಿಲ್ಲ.