ಉಚಿತ ಬಸ್ಸಿನ ಲಾಭ

ಲೆಕ್ಕದ ವಿಷಯದಲ್ಲಿ ನನ್ನನ್ನು ಯಾರೂ ಏಮಾರಿಸಲಾರರು ಎಂಬ ದೃಢ ನಂಬಿಕೆ ನಮ್ಮ ಮನೆಯಲ್ಲಿ ಒಬ್ಬರಿಗಿತ್ತು. ಅದು ನಾನು! ನನ್ನ ಹೆಂಡತಿ ಸುಧಾ ಈ ಬಗ್ಗೆ ಯಾವುದೇ ಅಭಿಪ್ರಾಯ ವ್ಯಕ್ತಪಡಿಸಿರಲಿಲ್ಲ.

ನಾನು ತುಮಕೂರಿನಿಂದ ಬಹರೇನಿಗೆ ಬಂದ ಅಕೌಂಟೆಂಟ್. ಹಳೆಯ ಆಫೀಸಿನಿಂದ ಮನೆ ಸೇರುವಷ್ಟರಲ್ಲಿ ಮಗಳು ಪುಟ್ಟಿ ಮಲಗಿಬಿಟ್ಟಿರುತ್ತಿದ್ದಳು. ಸಂಜೆಯ ಹೊತ್ತು ಅವಳ ಜೊತೆಗಿರಬೇಕೆಂಬ ಒಂದೇ ಆಸೆಗೆ ಆ ಕೆಲಸ ಬಿಟ್ಟು ಒಂದು ಏಜೆನ್ಸಿ ಸೇರಿದೆ. ದುಡಿಯುವುದು ಅವರು ಕಳಿಸಿದ ಕಂಪನಿಯಲ್ಲಿ, ಸಂಬಳ ಏಜೆನ್ಸಿಯದು. ಆ ಸಂಬಳದಲ್ಲಿ ಎರಡು ಬಗೆ. ಒಂದು, ಪೂರ್ತಿ ಹಣ ಕೈಗೆ, ಓಡಾಟ ನಮ್ಮ ಪಾಡು. ಇನ್ನೊಂದು, ಕೈಗೆ ಸ್ವಲ್ಪ ಕಡಿಮೆ, ಏಜೆನ್ಸಿಯ ಬಸ್ಸು ಉಚಿತ.

ಮನೆ ಮಾಹೂಝ್‌ನಲ್ಲಿ, ಕೆಲಸ ದೂರದ ಸಿತ್ರಾದಲ್ಲಿ. ಎಕ್ಸೆಲ್ ತೆರೆದು, ಟ್ಯಾಕ್ಸಿ ಖರ್ಚು ಹಾಕಿ, ಕೂಡಿ, ಕಳೆದು, ಬಣ್ಣ ಬಳಿದೆ. ಬಸ್ಸು ಗೆದ್ದಿತು!

"ಕೆಲಸದ ಜಾಗ ಬದಲಾದ್ರೆ?" ಎಂದಳು ಸುಧಾ.

"ಊಹೆಗಳಿಗೆ ಲೆಕ್ಕದಲ್ಲಿ ಜಾಗ ಇಲ್ಲ ಕಣೇ."

ನನ್ನೊಂದಿಗೇ ಏಜೆನ್ಸಿ ಸೇರಿದ್ದ, ಕೆಳಗಿನ ಮನೆಯ ಮಂಗಳೂರಿನ ಫೆಲಿಕ್ಸ್ ಅವರಿಗೂ ಎಕ್ಸೆಲ್ ತೋರಿಸಿದೆ. "ನನ್ಗೆ ಇದೆಲ್ಲ ತಲೆಗೆ ಹೋಗುದಿಲ್ಲ ಮಾರಾಯ್ರೆ, ದುಡ್ಡು ಕೈಗೆ ಬಂದ್ರೆ ಸಾಕು" ಎಂದು ಅವರು ನಗದಿಗೆ ಸಹಿ ಹಾಕಿದರು. ಪಾಪ ಅನ್ನಿಸಿತು.

ಕೆಲಸ ಶುರುವಾಗುವ ಮುನ್ನಾದಿನ ಏಜೆನ್ಸಿಯ ಫೋನು. "ಸಿತ್ರಾ ಖಲಾಸ್!" ನಮ್ಮಿಬ್ಬರನ್ನೂ ಹಾಕಿದ್ದು ಮಾಹೂಝ್‌ಗೆ. ಅದೂ ನಮ್ಮ ಬಾಲ್ಕನಿಯ ಎದುರಿಗೆ, ರಸ್ತೆಯಾಚೆ ಇರುವ ಕಟ್ಟಡಕ್ಕೆ! ಕುಣಿದಾಡಿಬಿಟ್ಟೆ. ಮರುದಿನ ಫೆಲಿಕ್ಸ್ ಜೊತೆ ರಸ್ತೆ ದಾಟಿ ಹೋಗಿ ಕೂತೆ. ಮಧ್ಯಾಹ್ನದ ಹೊತ್ತಿಗೆ ಮೊಬೈಲಿಗೆ ಸಂದೇಶ ಬಂತು, ನಾನು ಗೈರುಹಾಜರಂತೆ!

ಬಸ್ಸು ಆರಿಸಿದವರ ಹಾಜರಿ ಬಸ್ಸಿನಲ್ಲೇ ಆಗಬೇಕಂತೆ. ಬೆಳಿಗ್ಗೆ ಹತ್ತುವಾಗ ಒಮ್ಮೆ, ಸಂಜೆ ಇಳಿಯುವಾಗ ಒಮ್ಮೆ ಡ್ರೈವರ್ ನಮ್ಮ ಕಾರ್ಡನ್ನು ಯಂತ್ರಕ್ಕೆ ಉಜ್ಜಬೇಕು.

"ನಾನು ಆಫೀಸಲ್ಲೇ ಕೂತಿದೀನಲ್ರೀ!" ಎಂದು ಫೋನಿನಲ್ಲಿ ಹಿಂದಿಯಲ್ಲಿ ಅರಚಿದೆ.

"ಬಸ್ ಮೇ ನಹೀ ಬೈಠೇ ನಾ, ಸರ್" ಎಂದಿತು ಆ ಕಡೆಯ ಶಾಂತ ಸ್ವರ. ಒಪ್ಪಂದ ಮುಗಿಯುವವರೆಗೆ ಬಗೆ ಬದಲಿಸುವಂತೆಯೂ ಇಲ್ಲ.

ಬಸ್ಸು ಮೀನಾ ಸಲ್ಮಾನ್ ಬಂದರಿನಿಂದ ಹೊರಟು, ಸೂರ್ಯ ಏಳುವ ಮೊದಲೇ ನನ್ನನ್ನು ಮನೆಯೆದುರು ಹತ್ತಿಸಿಕೊಂಡು, ಹೂರಾ ಬಡಾವಣೆ ಸುತ್ತಿ, ಸೇತುವೆ ದಾಟಿ ಮುಹರಕ್ ದ್ವೀಪಕ್ಕೆ ಹೋಗಿ, ಮರಳಿ ಬಂದು ನಮ್ಮ ಮನೆಯೆದುರೇ ಇಳಿಸುತ್ತಿತ್ತು. ಸಂಜೆ ಇದೇ ದಾರಿ, ತಿರುವುಮುರುವಾಗಿ.

ಬುದ್ಧಿವಂತ ಸುಮ್ಮನಿರುತ್ತಾನೆಯೇ? ಕಾರ್ಡು ಉಜ್ಜಿ ನನ್ನನ್ನು ಅಲ್ಲೇ ಇಳಿಸಿಬಿಡಲೆಂದು ಡ್ರೈವರ್ ಖಾನ್ ಸಾಹೇಬರಿಗೆ ಸುಧಾ ಕರಿದ ಕೋಡುಬಳೆ ಕೊಟ್ಟೆ. ಕಟುಂ ಕುಟುಂ ಎಂದು ತಿಂದು ಮೆಚ್ಚಿದರು. ಖಾಲಿ ಡಬ್ಬಿ ಹಿಂದಿರುಗಿಸಿ, "ಬೈಠೋ ಸಾಬ್" ಎಂದರು. ಮುಹರಕ್‌ನ ಕೊನೆಯ ನಿಲ್ದಾಣದಲ್ಲಿ ಹತ್ತಿದರೆ ನಿದ್ದೆಯಾದರೂ ಉಳಿಯುತ್ತದೆಂದು ಒಂದು ದಿನ ಟ್ಯಾಕ್ಸಿ ಮಾಡಿದೆ. ಹೌದು ಸ್ವಾಮಿ, ಉಚಿತ ಬಸ್ಸು ಹಿಡಿಯಲು ಟ್ಯಾಕ್ಸಿ! ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆ. ಬಸ್ಸು ಹೋಯಿತು, ಹಾಜರಿಯೂ ಹೋಯಿತು.

ಸಂಜೆಗಳೇ ನಿಜಕ್ಕೂ ಹೊಟ್ಟೆ ಉರಿಸುತ್ತಿದ್ದವು. ಫೆಲಿಕ್ಸ್ ಖುಬ್ಬೂಸ್ ಎಂಬ ಅರಬ್ ರೊಟ್ಟಿ ಹಿಡಿದು ಸೀಟಿ ಹೊಡೆಯುತ್ತಾ ರಸ್ತೆ ದಾಟುತ್ತಿದ್ದರು. ನಾನು ಬಸ್ಸು ಹತ್ತುತ್ತಿದ್ದೆ. ಬಾಲ್ಕನಿಯಿಂದ ಪುಟ್ಟಿ, "ಪಪ್ಪಾ, ಹೋಮ್ ಈಸ್ ದಿಸ್ ಸೈಡ್!" ಎಂದು ಇಡೀ ಮಾಹೂಝ್‌ಗೆ ಕೇಳುವಂತೆ ಕೂಗುತ್ತಿದ್ದಳು. ನಾಚಿಕೆಗಿಂತ ಹೆಚ್ಚಾಗಿ ದುಃಖವಾಗುತ್ತಿತ್ತು. ಕೆಲಸ ಬಿಟ್ಟಿದ್ದೇ ಅವಳಿಗಾಗಿ!

ಕೊನೆಗೆ ದಾರಿ ಕಂಡವಳು ಸುಧಾ. ಒಂದು ಸಂಜೆ ಪುಟ್ಟಿಯನ್ನು ಸ್ಕೂಲ್ ಬ್ಯಾಗಿನ ಸಮೇತ ಕರೆತಂದು ಬಸ್ಸಿನ ಬಾಗಿಲಲ್ಲಿ ನಿಂತಳು. "ಭಾಯಿಸಾಬ್, ಇವಳೂ ಒಂದು ರೌಂಡ್ ಬರ್ಲಿ" ಎಂದು ಕನ್ನಡದಲ್ಲೇ ಹೇಳಿದಳು. ಖಾನ್ ಸಾಹೇಬರಿಗೆ ಅದು ಹೇಗೆ ಅರ್ಥವಾಯಿತೋ, ಕಿಟಕಿ ಪಕ್ಕದ ಸೀಟು ಬಿಡಿಸಿಕೊಟ್ಟರು. ಅಂದಿನಿಂದ ಪುಟ್ಟಿಯ ಹೋಮ್‌ವರ್ಕ್ ಬಸ್ಸಿನಲ್ಲೇ. ಕನ್ನಡ ಕಾಗುಣಿತವನ್ನು ಮುಹರಕ್ ಸೇತುವೆಯ ಮೇಲೆ, ಸಮುದ್ರ ನೋಡುತ್ತಾ ಕಲಿಯುತ್ತಾಳೆ. ನಾನು ರಸ್ತೆ ದಾಟಿ ಎರಡೇ ನಿಮಿಷದಲ್ಲಿ ಮನೆ ಸೇರುವಂತಿದ್ದರೆ ಅವಳು ಟಿವಿ ಮುಂದೆ, ನಾನು ಫೋನಿನ ಮುಂದೆ ಕೂರುತ್ತಿದ್ದೆವು. ನನಗೀಗ ದೂರೇನಿಲ್ಲ.

ಮೊನ್ನೆ ಏಜೆನ್ಸಿಗೆ ಹೊಸದಾಗಿ ಸೇರುತ್ತಿರುವ ಹುಬ್ಬಳ್ಳಿಯ ಎಂಜಿನಿಯರ್ ಒಬ್ಬರು ಮನೆಗೆ ಬಂದರು. "ಸಹಿ ಹಾಕೂ ಮುಂಚೆ ನಿಮ್ಮನ್ನ ಕೇಳ್ಬೇಕಂತ ಫೆಲಿಕ್ಸ್ ಅವರು ಹೇಳ್ಯಾರ್ರೀ." ಎದೆಯುಬ್ಬಿತು. ಎಕ್ಸೆಲ್ ತೆರೆದೆ.

"ಅದೆಲ್ಲಾ ಬ್ಯಾಡ್ರೀ ಸರ್. ನಿಮ್ದು ರಿನ್ಯೂವಲ್ ಬಂದೈತಂತಲ್ಲ, ಈ ಸಲ ನೀವು ಯಾವ್ದು ತೊಗೋತೀರಿ?"

"ಇನ್ನೂ ಯೋಚಿಸ್ತಿದೀನಿ."

"ಹಂಗಾರ ನೀವು ಸಹಿ ಹಾಕೂ ಮಟಾ ಕಾಯ್ತೀನ್ರೀ. ಆಮ್ಯಾಲೆ ಇನ್ನೊಂದಕ್ಕ ನಾ ಹಾಕ್ತೀನಿ!"

ಸುಧಾ ಅವರ ಕೈಗೆ ಕಾಫಿ ಕೊಡುತ್ತಾ ಹೇಳಿದಳು: "ಕೂತ್ಕೊಳ್ಳಿ, ಜಾಸ್ತಿ ಹೊತ್ತು ಆಗಲ್ಲ. ತಪ್ಪು ಮಾಡೋದ್ರಲ್ಲಿ ಇವರು ತುಂಬಾ ಫಾಸ್ಟು."