ಸಪ್ತಾಹದ ಬಾಟಲಿ

ಪಾನನಿರೋಧ ಸಪ್ತಾಹ ಆಚರಿಸಬೇಕೆಂದು ಹೊಸ ವಿಶ್ವವಿದ್ಯಾನಿಲಯದಿಂದ ಸುತ್ತೋಲೆ ಬಂದಾಗ ಜಯನಗರದ ಆ ಕಾಲೇಜಿನಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿದವರು ಕನ್ನಡ ಅಧ್ಯಾಪಕ ಶಾಂತವೀರಪ್ಪ. ಕುಡಿಯುವುದಿರಲಿ, ಕಾಫಿ ಸ್ವಲ್ಪ ಗಟ್ಟಿಯಾದರೂ ತಲೆ ತಿರುಗುತ್ತದೆ ಎನ್ನುವ ಜೀವ ಅದು. ಆದರೆ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಪ್ರಿನ್ಸಿಪಾಲ್ ಅನಂತರಾಮು ಹೇಳಿದ್ದಕ್ಕೆಲ್ಲ ತಲೆಯಾಡಿಸಲೇಬೇಕಿತ್ತು.

"ಬರೀ ಭಾಷಣ ಮಾಡಿದ್ರೆ ಹುಡುಗರು ನಿದ್ದೆ ಮಾಡ್ತಾರೆ ರೀ," ಎಂದರು ಅನಂತರಾಮು. "ಅಬಕಾರಿ ಇನ್‌ಸ್ಪೆಕ್ಟರ್ ಗುರುಶಾಂತಪ್ಪನವರು ಕಳ್ಳಭಟ್ಟಿ ಸಾರಾಯಿ ಹೇಗೆ ಭಗ್ ಅಂತ ಉರಿಯುತ್ತೆ ಅಂತ ವೇದಿಕೆ ಮೇಲೇ ತೋರಿಸ್ತಾರಂತೆ. ಅವರು ಬೇರೆ ಊರಿಂದ ನೇರ ಇಲ್ಲಿಗೇ ಬರ್ತಾರೆ. ನೀವು ಅವರ ಠಾಣೆಗೆ ಹೋಗಿ ಬಾಟಲಿ ತಗೊಂಡ್ಬಂದ್ಬಿಡಿ."

ಕನಕಪುರ ರಸ್ತೆಯಾಚೆಯ ಠಾಣೆಯಲ್ಲಿ ದಫೇದಾರ ರೇವಣಸಿದ್ದಪ್ಪ ಅರಗಿನ ಮುದ್ರೆ ಹಾಕಿದ ಬಾಟಲಿಯನ್ನು ಹಳೆ ಪೇಪರಿನಲ್ಲಿ ಸುತ್ತಿ ಕೊಟ್ಟ. ಕಣ್ಣು ಕೆಂಪಾಗಿತ್ತು, ಬಾಯಿಗೆ ಕರ್ಚೀಫು ಅಡ್ಡ ಹಿಡಿದೇ ಮಾತನಾಡಿದ. "ಕೋರ್ಟಿಗೆ ಹೋಗೋ ಮಾಲು ಸಾರ್. ಒಂದು ಚಮಚ ಸುಟ್ಟು ತೋರಿಸಿ, ಮಿಕ್ಕಿದ್ದು ವಾಪಸ್ ಬರ್ಬೇಕು. ಹೆಚ್ಚುಕಮ್ಮಿಯಾದ್ರೆ ನೀವೇ ಒಳಗೆ ಹೋಗ್ತೀರಿ."

ಶಾಂತವೀರಪ್ಪ ಬಾಟಲಿಯನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. ಚೀಲವನ್ನು ಎಳೆಗೂಸಿನಂತೆ ಎದೆಗವಚಿಕೊಂಡು ಬಸ್ಸು ಹತ್ತಿದರು. ಪಕ್ಕದ ಸೀಟಿನಲ್ಲಿ ಅವರ ಮನೆಯ ಮಾಲೀಕರಾದ ನಾರಾಯಣಮ್ಮನವರೇ ಕೂತಿರಬೇಕೆ.

"ಏನ್ ಮೇಷ್ಟ್ರೇ, ಹಂಗೆ ತಬ್ಕೊಂಡಿದೀರಿ?"

"ಹರಳೆಣ್ಣೆ," ಎಂದುಬಿಟ್ಟರು ಶಾಂತವೀರಪ್ಪ.

"ಒಳ್ಳೇದೇ ಆಯ್ತು. ನನ್ ಮೊಮ್ಮಗೂಗೆ ನೆತ್ತಿಗೆ ಹಾಕಕ್ಕೆ ಬೇಕಿತ್ತು. ಘಾಟು ಹೆಂಗಿದೆ ನೋಡ್ತೀನಿ," ಎನ್ನುತ್ತಲೇ ಆಕೆ ಚೀಲಕ್ಕೆ ಕೈಹಾಕಿ, ಪೇಪರು ಸರಿಸಿ, ಉಗುರಿನಿಂದ ಮುಚ್ಚಳ ಕೆರೆದರು. ಅರ್ಧ ಅರಗು ಪುಡಿಯಾಗಿ ಅವರ ಸೆರಗಿನ ಮೇಲೆ ಉದುರಿತು. ಆಮೇಲೆ ಮೇಲಂಟಿಸಿದ ಚೀಟಿ ಕಣ್ಣಿಗೆ ಬಿತ್ತು. 'ಸಾರಾಯಿ' ಎಂಬ ಪದವನ್ನು ಆಕೆ ಅಕ್ಷರ ಅಕ್ಷರವಾಗಿ ಕೂಡಿಸಿ, ಇಡೀ ಬಸ್ಸಿಗೆ ಕೇಳುವಂತೆ ಓದಿದರು.

"ಇದು ಕಾಲೇಜಿಂದು, ನಾರಾಯಣಮ್ಮನವರೇ. ಹುಡುಗರಿಗೆ ತೋರಿಸಕ್ಕೆ..." ಶಾಂತವೀರಪ್ಪ ತೊದಲಿದರು.

"ಹುಡುಗರಿಗಾ? ಅಯ್ಯೋ ಶಿವನೆ," ಎಂದರು ಆಕೆ. ಮುಂದಿನ ಸ್ಟಾಪಿನಲ್ಲಿ ಕಂಡಕ್ಟರು ಪೊಲೀಸನನ್ನೇ ಬಸ್ಸು ಹತ್ತಿಸಿದ.

ಬಸ್ಸಿಳಿದು ಜಯನಗರದ ಅಗಲ ರಸ್ತೆಯಲ್ಲಿ ಮೆರವಣಿಗೆ ಹೊರಟಿತು. ಮುಂದೆ ಚೀಲ ಹಿಡಿದ ಪೊಲೀಸಪ್ಪ, ನಡುವೆ ಬೆವರಿನಲ್ಲಿ ಮಿಂದ ಶಾಂತವೀರಪ್ಪ, ಹಿಂದೆ ಸಾಕ್ಷಿ ಹೇಳುವ ಹುರುಪಿನ ನಾರಾಯಣಮ್ಮ. ದಾರಿಯುದ್ದಕ್ಕೂ ಮೇಷ್ಟ್ರ ವಿದ್ಯಾರ್ಥಿಗಳು ಸೈಕಲ್ ನಿಲ್ಲಿಸಿ ನಮಸ್ಕಾರ ಹಾಕಿದರು. ಶಾಂತವೀರಪ್ಪನವರಿಗೆ ಕೆಲಸ ಹೋದದ್ದು, ಮನೆ ಖಾಲಿ ಮಾಡಿದ್ದು, ಜೈಲಿನಲ್ಲಿ ರಾಗಿ ಬೀಸುತ್ತಿರುವುದು ಎಲ್ಲ ಕಣ್ಮುಂದೆ ಬಂತು. "ಪ್ರಿನ್ಸಿಪಾಲರನ್ನ ಒಂದ್ ಮಾತು ಕೇಳಿ ಸ್ವಾಮಿ," ಎಂದು ಮಾತ್ರ ಗೋಗರೆಯುತ್ತಿದ್ದರು.

ಕೊನೆಗೆ ಪೊಲೀಸಪ್ಪ ಮೆರವಣಿಗೆಯನ್ನು ಕಾಲೇಜಿನ ಕಡೆ ತಿರುಗಿಸಿದ. ಸಭಾಂಗಣ ತುಂಬಿತ್ತು. ಅನಂತರಾಮು ವೇದಿಕೆಯಿಂದಿಳಿದು ಬಂದು, "ಬಿಡ್ರೀ ಅವರನ್ನ, ನಾನೇ ಕಳಿಸಿದ್ದು," ಎಂದಾಗ ಶಾಂತವೀರಪ್ಪ ಹತ್ತಿರದ ಕಂಬವನ್ನು ಹಿಡಿದುಕೊಂಡರು. ಹೋಗಿದ್ದ ಜೀವ ಕಾಲಿನ ಕಡೆಯಿಂದ ಮೆಲ್ಲಗೆ ವಾಪಸ್ಸು ಬರುತ್ತಿತ್ತು. ನಾರಾಯಣಮ್ಮನೂ ಸ್ವಲ್ಪ ನಿರಾಸೆಯಿಂದಲೇ ಬೆಂಚಿನ ಮೇಲೆ ಕೂತರು.

ಇನ್‌ಸ್ಪೆಕ್ಟರ್ ಗುರುಶಾಂತಪ್ಪ ಮೀಸೆ ತೀಡಿ ತಟ್ಟೆಗೆ ಸಾರಾಯಿ ಸುರಿದರು. "ನೋಡಿ, ಹೊಟ್ಟೆಯೊಳಗೆ ಇದೇ ಬೆಂಕಿ," ಎಂದು ಕಡ್ಡಿ ಗೀರಿದರು. ಕಡ್ಡಿ ಚುಯ್ ಎಂದು ಆರಿತು. ಇನ್ನೊಂದು ಗೀರಿದರು. ಅದೂ ಆರಿತು. ಹಿಂದಿನ ಸಾಲಿನಿಂದ ಕಿಸಕ್ಕನೆ ನಗು ಬಂತು. ಇನ್‌ಸ್ಪೆಕ್ಟರು ಬಾಟಲಿ ಮೂಸಿದರು, ಬೆರಳದ್ದಿ ನಾಲಗೆಗೆ ಮುಟ್ಟಿಸಿದರು.

"ನಲ್ಲಿ ನೀರು," ಎಂದರು ಮೆಲ್ಲಗೆ.

ಆಮೇಲೆ ಒಡೆದ ಅರಗನ್ನು ನೋಡಿದರು. ಅಲ್ಲಿಂದ ಅವರ ಕಣ್ಣು ಶಾಂತವೀರಪ್ಪನವರ ಕಡೆ ತಿರುಗಿತು. "ಠಾಣೆಯಿಂದ ಇಲ್ಲಿತನಕ ಇದು ಯಾರ ಕೈಲಿತ್ತು?"

"ಅವರ ಕೈಲೇ. ಎದೆಗೆ ತಬ್ಕೊಂಡಿದ್ರು. ಕೇಳಿದ್ರೆ ಹರಳೆಣ್ಣೆ ಅಂತ ಸುಳ್ಳು ಬೇರೆ," ಎಂದರು ನಾರಾಯಣಮ್ಮ. ಸೆರಗಿನ ಮೇಲಿನ ಅರಗಿನ ಪುಡಿಯನ್ನು ಅವರು ಆಗಲೇ ಕೊಡವಿಕೊಂಡಿದ್ದರು.

ಅನಂತರಾಮು ಕನ್ನಡಕ ತೆಗೆದು ಒರೆಸಿದರು. "ಒಂದು ಬಾಟಲಿ ಪೂರ್ತಿ, ಶಾಂತವೀರಪ್ಪ? ಅದೂ ಬಸ್ಸಿನಲ್ಲಿ?"

"ಸಾರ್, ನಾನು ಮುಟ್ಟೇ ಇಲ್ಲ ಸಾರ್. ಬೇಕಾದ್ರೆ ಬಾಯಿ ಮೂಸಿ ನೋಡಿ."

"ಮೂಸೋದೆಲ್ಲ ಡಾಕ್ಟರ ಕೆಲಸ," ಎಂದು ಗುರುಶಾಂತಪ್ಪ ಟೋಪಿ ಎತ್ತಿಕೊಂಡರು. ದನಿಯಲ್ಲಿ ನಿಜವಾದ ಮರುಕವಿತ್ತು. "ಇದರಲ್ಲಿ ಸಾರಾಯಿ ಇದ್ದಿದ್ರೆ ನಿಮ್ಮನ್ನ ಇಲ್ಲೇ ಬಿಟ್ಟು ಹೋಗ್ತಿದ್ದೆ ಮೇಷ್ಟ್ರೇ. ಇಲ್ವಲ್ಲ, ಅದಕ್ಕೇ ಕರ್ಕೊಂಡು ಹೋಗ್ಬೇಕು."