ಕೊಟ್ರಯ್ಯನ ಕಿವಿಯ ಅತ್ತರು

ಆ ಬೆಳಿಗ್ಗೆ ಕೊಟ್ರಯ್ಯ ಎರಡನೇ ಮಿರ್ಚಿಗೆ ಆಸೆಪಡದೆ ಎದ್ದುಹೋಗಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಆದರೆ ಸಿದ್ದಲಿಂಗೇಶನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆಯ ಜೊತೆ ಒಂದೇ ಮಿರ್ಚಿ ತಿಂದು ಎದ್ದವರು ಹೊಸಪೇಟೆಯಲ್ಲಿ ಇನ್ನೂ ಹುಟ್ಟಿಲ್ಲ. ಎರಡನೆಯದು ಎಣ್ಣೆಯಲ್ಲಿ ತೇಲುತ್ತಿದ್ದ ಹೊತ್ತಿಗೆ ಎದುರಿನ ಬೆಂಚಿನಲ್ಲಿ ಇಬ್ಬರು ಯಾವುದೋ ಹೊಸ ದೆವ್ವದ ಸಿನಿಮಾವನ್ನು ಹೊಗಳತೊಡಗಿದರು. ಕೊಟ್ರಯ್ಯನಿಗೆ ಸುಮ್ಮನಿರಲಾಗಲಿಲ್ಲ.

"ಈಗಿನವು ದೆವ್ವದ ಪಿಕ್ಚರ್ ಏನ್ರಲೇ? ನಮ್ಮ ಕಾಲದವು ನೋಡಿದ್ರ ನೀವು ಒಂದು ವಾರ ಒಬ್ಬೊಬ್ಬರಾಗಿ ಜಳಕಾನೂ ಮಾಡ್ತಿರಲಿಲ್ಲ" ಎಂದುಬಿಟ್ಟ.

ಹಿಂದಿನ ಟೇಬಲ್ಲಿನಲ್ಲಿ ಚಹಾ ಕುಡಿಯುತ್ತಿದ್ದ ಹಾಲೇಶ್ ಮೇಷ್ಟ್ರು ತಟ್ಟನೆ ತಿರುಗಿದರು. ಊರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ಅವರು ಅವತ್ತು ಹನ್ನೊಂದು ಗಂಟೆಗೆ 'ಭಯದ ಬೆಳ್ಳಿತೆರೆ: ಅಂದು, ಇಂದು' ಎಂಬ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಬೆಂಗಳೂರಿನಿಂದ ಬರಬೇಕಿದ್ದ ವಿಮರ್ಶಕರು ನೆಗಡಿ ಎಂದು ಹಿಂದಿನ ದಿನವೇ ಕೈಕೊಟ್ಟಿದ್ದರು.

"ಕೊಟ್ರಯ್ಯಾರ, ಟಾಕೀಸಿನಾಗ ಎಷ್ಟು ವರ್ಷ ಇದ್ರಿ ನೀವು?"

"ಮೂವತ್ತೆರಡು ವರ್ಷ ಗೇಟ್‌ಕೀಪರ್ ನೋಡ್ರಿ. ಅದು ಕಲ್ಯಾಣ ಮಂಟಪ ಆಗೋ ತನಕ."

"ಬಂದ ದೆವ್ವದ ಪಿಕ್ಚರ್ ಎಲ್ಲಾ ನೋಡೀರಿ ಹಂಗಾದ್ರ?"

"ದಿನಕ್ಕ ನಾಕು ಆಟ. ನೀವ ಲೆಕ್ಕಾ ಹಾಕ್ಕೊಳ್ರಿ."

"ಮುಗೀತು ಬಿಡ್ರಿ. ಇವತ್ತು ನೀವ ನಮ್ಮ ಮುಖ್ಯ ಅತಿಥಿ. ಮೊದಲು ಭಾಷಣ. ಆಮ್ಯಾಲ ಒಂದು ಹೊಸಾ ಪಿಕ್ಚರ್ ಹಾಕ್ತೀವಿ, ಅದನ್ನ ನೋಡಿ ನಿಮ್ಮ ಅಭಿಪ್ರಾಯ ಹೇಳ್ಬೇಕು."

ಅಷ್ಟರಲ್ಲಿ ತಟ್ಟೆಗೆ ಬಂದಿದ್ದ ಎರಡನೇ ಮಿರ್ಚಿ ಕೊಟ್ರಯ್ಯನ ಗಂಟಲಲ್ಲೇ ನಿಂತಿತು.

ಊರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಕೊಟ್ರಯ್ಯ ಹುಟ್ಟಿದಂದಿನಿಂದ ಒಂದೇ ಒಂದು ದೆವ್ವದ ಸಿನಿಮಾ ನೋಡಿರಲಿಲ್ಲ. ಗೇಟ್‌ಕೀಪರನ ಜಾಗ ತೆರೆಯ ಪಕ್ಕದ ಬಾಗಿಲು. ಅಲ್ಲಿ ಅವನು ತೆರೆಗೆ ಬೆನ್ನು, ಜನಕ್ಕೆ ಮುಖ ಮಾಡಿ ನಿಲ್ಲುತ್ತಿದ್ದ. ಕಳ್ಳರ ಮೇಲೆ ಕಣ್ಣಿಡುತ್ತಾನೆಂದು ಮಾಲೀಕರು ಮೆಚ್ಚಿಕೊಂಡಿದ್ದರು. ನಿಜವಾಗಿ ಅವನಿಗೆ ಅತ್ತ ತಿರುಗಲು ಎದೆ ಇರಲಿಲ್ಲ, ಅಷ್ಟೇ. ಸಂಗೀತ ಕೆಟ್ಟದಾಗಿ ಶುರುವಾಯಿತೆಂದರೆ ಎರಡೂ ಕಿವಿಗೆ ಹತ್ತಿ ಒತ್ತಿಕೊಳ್ಳುತ್ತಿದ್ದ. ಕಿವಿಯಲ್ಲಿ ಅತ್ತರಿನ ಹತ್ತಿ ಇಟ್ಟುಕೊಳ್ಳುವ ಶೋಕಿ ಊರಿನಲ್ಲಿ ಬೇಕಾದಷ್ಟು ಜನರಿಗೆ ಇದ್ದದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಕೊಟ್ರಯ್ಯ ಭಾಳ ಶೋಕೀಲಾಲ ಎಂದುಕೊಂಡರು.

ಅವನ ಮದುವೆಯಾದದ್ದೂ ಇದೇ ಬೆನ್ನಿನಿಂದ. ಕಂಪ್ಲಿಯ ಹಂಪಯ್ಯನವರು ಮಗಳನ್ನು ಕರೆದುಕೊಂಡು ಸಿನಿಮಾಕ್ಕೆ ಬಂದಿದ್ದರು. ತೆರೆಯ ಮೇಲೆ ದೆವ್ವ ಕತ್ತು ತಿರುಗಿಸಿದಾಗ ಇಡೀ ಟಾಕೀಸು ಕುರ್ಚಿಯ ಕೆಳಗಿತ್ತು. ಒಬ್ಬ ಮಾತ್ರ ತಿರುಗಿಯೂ ನೋಡದೆ ಕಂಬದ ಹಾಗೆ ನಿಂತಿದ್ದ. "ಗಂಡಸಂದ್ರ ಇವ" ಎಂದ ಹಂಪಯ್ಯನವರು ಎಂಟು ದಿನದಲ್ಲಿ ಸಂಗಮ್ಮನನ್ನು ಕೊಟ್ಟು ಮದುವೆ ಮಾಡಿದರು. ಮೂವತ್ತಾರು ವರ್ಷದಿಂದ ಸಂಗಮ್ಮ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ, "ನಮ್ಮ ಯಜಮಾನ್ರಿಗೆ ಅಂಜಿಕಿ ಅಂದ್ರ ಏನಂತ ಗೊತ್ತಿಲ್ರಿ" ಎಂದು. ಹೀಗಾಗಿ ಓಣಿಯಲ್ಲಿ ಹಾವು ಬಂದರೆ ಕೊಟ್ರಯ್ಯ, ಹುಚ್ಚುನಾಯಿ ಬಂದರೆ ಕೊಟ್ರಯ್ಯ. ಇವತ್ತು ಎಲ್ಲರೆದುರು ತೆರೆ ನೋಡಿ ಕಿರುಚಿದರೆ ಸಂಗಮ್ಮನಿಗೆ ಯಾವ ಮುಖ ತೋರಿಸುವುದು? ಅವನಿಗೆ ದೆವ್ವಕ್ಕಿಂತ ದೊಡ್ಡ ಹೆದರಿಕೆ ಅದೇ ಆಗಿತ್ತು.

ಅವನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಸಂಗಮ್ಮ ಧೋತರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಕೊಟ್ರಯ್ಯ ಬಂದವನೇ ಗೋಡೆ ಹಿಡಿದು ನರಳಿದ.

"ಯಾಕೋ ಮೈ ಸುಡಾಕತ್ತೈತಿ ಸಂಗಮ್ಮ. ಹಾಲೇಶ್ ಸರ್‌ಗೆ ಫೋನ್ ಮಾಡಿ ಹೇಳಿಬಿಡು."

ಪಕ್ಕದ ಮನೆಯ ಇಂದಿರಾಬಾಯಿ ಕಾಂಪೌಂಡಿನ ಆಚೆಯಿಂದಲೇ ಇದನ್ನು ಕೇಳಿಸಿಕೊಂಡರು. ಅವರು ರಿಟೈರಾದ ಹೈಸ್ಕೂಲ್ ಟೀಚರು. ಪರೀಕ್ಷೆಯ ದಿನ ಬರುವ ಸುಳ್ಳು ಜ್ವರ ಹಿಡಿಯುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಕೊರೋನಾ ಕಾಲದಲ್ಲಿ ಮಗ ಕೊಡಿಸಿದ್ದ ಪಿಸ್ತೂಲಿನಂಥ ಥರ್ಮಾಮೀಟರು ಹಿಡಿದು ಬಂದು ಕೊಟ್ರಯ್ಯನ ಹಣೆಗೆ ಗುರಿಯಿಟ್ಟರು.

"ತೊಂಬತ್ತೇಳು ಪಾಯಿಂಟ್ ನಾಲ್ಕು. ಏನೂ ಇಲ್ಲ ನಿಮಗ. ಬರೇ ಸಂಕೋಚ. ಏಳ್ರಿ, ನಾವೂ ಬರ್ತೀವಿ ಕೇಳಾಕ."

ಇನ್ನು ಉಳಿದಿದ್ದು ಓಡಿಹೋಗುವುದೊಂದೇ. "ಗಡ್ಡ ಮಾಡಿಸ್ಕೊಂಡು ಹಂಗ ಕಾಲೇಜಿಗೆ ಹೋಗ್ತೀನಿ" ಎಂದು ಕೊಟ್ರಯ್ಯ ಧೋತರ ಉಟ್ಟು ಹೊರಟ. ಸಂಗಮ್ಮ ದೇವರ ಮನೆಯಿಂದ ಎರಡು ಉಂಡೆ ಹತ್ತಿ ತಂದು ಅವನ ಜೇಬಿಗೆ ಹಾಕಿದಳು.

"ಅತ್ತರು ಹಚ್ಕೊಳ್ಳೋದು ಮರೀಬ್ಯಾಡ್ರಿ. ದೊಡ್ಡ ಮಂದಿ ಬರ್ತಾರ."

ಕೊಟ್ರಯ್ಯ ನೆಟ್ಟಗೆ ಬಸ್‌ಸ್ಟ್ಯಾಂಡಿಗೆ ಹೋಗಿ ಕಂಪ್ಲಿ ಬಸ್ಸು ಹತ್ತಿ ಕೊನೆಯ ಸೀಟಿನಲ್ಲಿ ಟವೆಲು ಮುಚ್ಚಿಕೊಂಡು ಕುಳಿತ. ಬಸ್ಸು ಸ್ಟ್ಯಾಂಡು ಬಿಟ್ಟು ಊರ ಅಂಚಿಗೆ ಬಂದಾಗ ಕಂಡಕ್ಟರ್ ಮೌನೇಶ್ ಟಿಕೆಟ್ ಕೇಳಲು ಬಂದು ಟವೆಲು ಎತ್ತಿದ.

"ಅರೆ! ಕೊಟ್ರಯ್ಯಣ್ಣ! ಹನ್ನೊಂದಕ್ಕ ನಿಮ್ಮ ಭಾಷಣ ಐತಿ ಅಂತ ವಾಟ್ಸಾಪಿನಾಗ ಫೋಟೋ ಬಂದೈತಲ್ರೀ! ತಪ್ಪು ಬಸ್ ಹತ್ತೀರಿ!"

"ಇಲ್ಲಪ್ಪಾ, ನಾನು..."

"ನೀವು ಸುಮ್ನ ಕುಂದ್ರಿ. ಡ್ರೈವರಣ್ಣ, ಹೋಲ್ಡಾನ್!"

ಇಡೀ ಬಸ್ಸು ಸೇರಿ ಅವನನ್ನು ಇಳಿಸಿತು. ಮೌನೇಶ್ ಎದುರಿಗೆ ಬಂದ ಆಟೋ ನಿಲ್ಲಿಸಿ, "ಜಲ್ದಿ ಕಾಲೇಜಿಗೆ ಬಿಡು, ಚೀಫ್ ಗೆಸ್ಟು" ಎಂದು ಕೂರಿಸಿ, ಕೈಮುಗಿದು ಕಳಿಸಿದ. ಊರು ಒಬ್ಬನ ಮೇಲೆ ಪ್ರೀತಿ ಇಟ್ಟರೆ ಅವನಿಗೆ ತಪ್ಪಿಸಿಕೊಳ್ಳುವ ದಾರಿಯೇ ಇರುವುದಿಲ್ಲ.

ಕಾಲೇಜಿನ ಸಭಾಂಗಣ ತುಂಬಿತ್ತು. ಮೂರನೇ ಸಾಲಿನಲ್ಲಿ ಸಂಗಮ್ಮ, ಇಂದಿರಾಬಾಯಿ, ಹೋಟೆಲಿಗೆ ಬೀಗ ಹಾಕಿ ಬಂದಿದ್ದ ಸಿದ್ದಲಿಂಗೇಶ. ಸ್ವಾಗತ ಮಾಡಿದ ಸ್ಫೂರ್ತಿ ಎಂಬ ವಿದ್ಯಾರ್ಥಿನಿ, "ಈಗಿನ ಹಾರರ್ ಸಿನಿಮಾದಲ್ಲಿ ದೆವ್ವ ಬರುವುದೇ ಇಲ್ಲ. ಎಷ್ಟೋ ಹೊತ್ತು ಏನೂ ನಡೆಯುವುದಿಲ್ಲ. ಆ ಮೌನವೇ ಭಯ" ಎಂದಳು. ಏನೂ ನಡೆಯುವುದಿಲ್ಲ ಎಂಬ ಮಾತು ಕೇಳಿ ಕೊಟ್ರಯ್ಯನಿಗೆ ತುಸು ಜೀವ ಬಂತು. ಅದೇ ಧೈರ್ಯದಲ್ಲಿ ಮೈಕಿನ ಮುಂದೆ ನಿಂತ. ತೆರೆಯ ವಿಷಯ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಜನರ ಮುಖ. ಅದನ್ನೇ ಹೇಳತೊಡಗಿದ.

"ನಾನು ಕೆಲಸಕ್ಕ ಸೇರಿದಾಗ ಹಳೇ ಕಪ್ಪು-ಬಿಳುಪಿನವು ಬೆಳಗಿನ ಆಟಕ್ಕ ಇನ್ನೂ ಬರ್ತಿದ್ವು. ಗೆಜ್ಜಿ ಸದ್ದು ಬಂತಂದ್ರ ಹೆಣ್ಮಕ್ಕಳ ಸಾಲು ಪೂರಾ ತಾಳಿ ಹಿಡ್ಕೊಂತಿತ್ತು. ಕಡೀಗೆ ನೋಡಿದ್ರ ಅದು ದೆವ್ವ ಅಲ್ಲ, ಆಸ್ತಿ ಹೊಡಿಯಾಕ ಚಿಕ್ಕಪ್ಪ ಮಾಡಿದ ಆಟ. ಜನ ಹೊರಗ ಬರ್ತಾ ನನ್ನ ಬೈತಿದ್ರು, 'ಇಂಥಾ ಚಿಕ್ಕಪ್ಪ ನಮ್ಮ ಮನ್ಯಾಗಿಲ್ಲೇನಲೇ, ಟಿಕೆಟ್ ತಗದು ನೋಡ್ಬೇಕೇನು' ಅಂತ."

ಸಭೆ ನಕ್ಕಿತು. ಕೊಟ್ರಯ್ಯನ ಧ್ವನಿ ಒಂದು ಸುತ್ತು ಏರಿತು.

"ಆಮ್ಯಾಲ ತಲೆಬುರುಡಿ, ನಿಂಬೆಹಣ್ಣು, ಮಂತ್ರವಾದಿ. ಆಗ ದೆವ್ವ ಅಂದ್ರ ಖರೇನ ದೆವ್ವ. ಮೆಟ್ರಿಯಿಂದ ಟ್ರ್ಯಾಕ್ಟರ್ ತುಂಬಿ ಬಂದೋರು ಆಟ ಬಿಟ್ಟ ಮ್ಯಾಲ ಊರಿಗೆ ಹೋಗ್ತಿರಲಿಲ್ಲ. ದರೋಜಿಯವರು, ದಾರ್ಯಾಗ ಕರಡಿ ಬಂದ್ರ ನೋಡ್ಕೊಂತೀವಿ, ಪಿಕ್ಚರಿನ ಆಕಿ ಬಂದ್ರ ಏನ್ ಮಾಡೂನು ಅಂತ ಟಾಕೀಸ್ ಅಂಗಳದಾಗ ಮಕ್ಕೊಂತಿದ್ರು. ಅವರನ್ನ ಹತ್ತತ್ತು ಮಂದಿ ಗುಂಪು ಮಾಡಿ ಬಯಲಕಡಿಗೆ ಕರ್ಕೊಂಡು ಹೋಗೋದು ನನ್ನ ಡ್ಯೂಟಿ." ಹತ್ತು ಜನ ಯಾರ ಧೈರ್ಯಕ್ಕೆ ಎನ್ನುವುದನ್ನು ಮಾತ್ರ ಹೇಳಲಿಲ್ಲ.

ಗೊಂಬೆಯೊಳಗೆ ದೆವ್ವ ಸೇರುವ ಸಿನಿಮಾ ಬಂದ ವಾರ ಟಾಕೀಸಿನ ಹಿಂದಿನ ಮೋರಿಯಲ್ಲಿ ಹನ್ನೊಂದು ಗೊಂಬೆ ಸಿಕ್ಕಿದ್ದನ್ನು ಹೇಳಿದ. ಕೂದಲಿನ ದೆವ್ವದ ಕಾಲದಲ್ಲಿ ಕೂದಲು ಬಿಟ್ಟುಕೊಂಡು ಒಳಗೆ ಹೋದ ಹುಡುಗಿಯರು ಇಂಟರ್‌ವಲ್ಲಿನಲ್ಲಿ ಜಡೆ ಹಾಕಿಕೊಂಡು ಕೂತಿರುತ್ತಿದ್ದುದನ್ನು ಹೇಳಿದ. "ಆ ದೆವ್ವಕ್ಕ ಮುಖಾನ ಇರಲಿಲ್ಲಂತ" ಎಂದು ಬಾಯಿ ತಪ್ಪಿ ಅಂದು, ಗಾಬರಿಯಾಗಿ "ಇರಲಿಲ್ಲ, ಇರಲಿಲ್ಲ" ಎಂದು ತಿದ್ದಿಕೊಂಡ.

"ಕಡೀಗೆ ದೆವ್ವಗಳು ಕುಣಿಯಾಕ ಹತ್ತಿದ್ವು. ದೆವ್ವ ಬಂದ್ರ ಶಿಳ್ಳಿ! ಮೊದಲೆಲ್ಲಾ ಅಂಜಿಕಿ ಆದ್ರ ಪಕ್ಕದಾಗ ಯಾರ ಇರಲಿ, ಗುರ್ತು ಇರಲಿ ಬಿಡಲಿ, ಕೈ ಹಿಡ್ಕೊಂತಿದ್ರು. ಅದು ನಿಂತು ಹೋತು. ಅವತ್ತ ನನಗ ಗೊತ್ತಾತು, ಟಾಕೀಸ್ ಉಳಿಯಂಗಿಲ್ಲ ಅಂತ."

ಚಪ್ಪಾಳೆ ಮೂರು ನಿಮಿಷ ನಿಲ್ಲಲಿಲ್ಲ. ಹಾಲೇಶ್ ಮೇಷ್ಟ್ರು ಕಣ್ಣೊರೆಸಿಕೊಂಡು, "ಇದು ಪ್ರೇಕ್ಷಕ ಕೇಂದ್ರಿತ ವಿಮರ್ಶೆ! ಇದನ್ನ ಯಾರೂ ಬರೆದೇ ಇಲ್ಲ!" ಎಂದರು. ಕೊಟ್ರಯ್ಯ ಸಂಗಮ್ಮನತ್ತ ನೋಡಿದ. ಅವಳು ಸೆರಗು ಸರಿಮಾಡಿಕೊಂಡು ನಗುತ್ತಿದ್ದಳು.

ಅಲ್ಲಿಗೆ ಹಾರ ಹಾಕಿ ಮನೆಗೆ ಕಳಿಸಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಪರದೆ ಎಳೆದರು. ದೀಪ ಆರಿಸಿದರು.

"ನನಗ ಕುಂತು ನೋಡಿ ರೂಢಿ ಇಲ್ರಿ. ಬಾಗಿಲ ಹತ್ರ ನಿಂತ್ರನ ಪಿಕ್ಚರ್ ರುಚಿ ಹತ್ತೋದು" ಎಂದು ಕೊಟ್ರಯ್ಯ ತೆರೆಯ ಪಕ್ಕದ ಬಾಗಿಲಿಗೆ ಹೋಗಿ, ಹಳೆಯ ಪದ್ಧತಿಯಂತೆ ಜನಕ್ಕೆ ಮುಖ ಮಾಡಿ ನಿಂತ. ಜೇಬಿನಿಂದ ಹತ್ತಿ ತೆಗೆದು ಎರಡೂ ಕಿವಿಗೆ ಗಟ್ಟಿಯಾಗಿ ಒತ್ತಿದ. ಜಗತ್ತು ಸದ್ದಿಲ್ಲದೆ ಹಗುರಾಯಿತು.

ಐದು ನಿಮಿಷ ಕಳೆಯಿತು. ಹತ್ತು ಕಳೆಯಿತು. ಮಕ್ಕಳ ಮುಖದ ಮೇಲೆ ನೀಲಿ ಬೆಳಕು ಬಿದ್ದಿತ್ತು. ಯಾರೂ ಕಣ್ಣು ಮಿಟುಕಿಸುತ್ತಿರಲಿಲ್ಲ. ಮೂವತ್ತೆರಡು ವರ್ಷದಲ್ಲಿ ಜನರ ಮುಖ ನೋಡಿಯೇ ತೆರೆಯ ಮೇಲೇನಿದೆ ಎಂದು ಹೇಳಬಲ್ಲವನಾಗಿದ್ದ ಕೊಟ್ರಯ್ಯನಿಗೆ ಇವತ್ತು ಏನೂ ತಿಳಿಯಲಿಲ್ಲ. ಎರಡನೇ ಸಾಲಿನವನು ಒಬ್ಬನೇ ನಕ್ಕ. ಅವನ ಪಕ್ಕದವಳು ಕಣ್ಣೀರು ಒರೆಸಿಕೊಂಡಳು. ಅವಳ ಪಕ್ಕದವನು ಆಕಳಿಸಿದ. ಒಂದೇ ಸೀನಿಗೆ ನಗು, ಅಳು, ಆಕಳಿಕೆ! ಎಂಥ ಘೋರ ಸಿನಿಮಾ ಇರಬೇಕು ಇದು ಎಂದು ಅವನ ಬೆನ್ನಿನಲ್ಲಿ ಬೆವರು ಇಳಿಯಿತು.

ಅಷ್ಟರಲ್ಲಿ ದೀಪ ಹತ್ತಿತು. ಇಂಟರ್‌ವಲ್ ಎಂದುಕೊಂಡ. ಹಾಲೇಶ್ ಮೇಷ್ಟ್ರು ಮೈಕಿನಲ್ಲಿ ಏನೋ ಹೇಳಿ, ನಗುತ್ತ ಮೈಕನ್ನು ಅವನ ಕೈಗೆ ಕೊಟ್ಟರು. ಅಭಿಪ್ರಾಯ ಕೇಳುತ್ತಿದ್ದಾರೆ ಎಂದು ಕೊಟ್ರಯ್ಯ ಎದೆ ಸೆಟೆಸಿದ.

"ಮೂವತ್ತೆರಡು ವರ್ಷದಾಗ ಇಂಥಾ ಪಿಕ್ಚರ್ ನೋಡಿರಲಿಲ್ರಿ! ಏನ್ ಮೌನ, ಏನ್ ಕತಿ! ಆ ಹಾಳುಮನಿ ಬಾಗಿಲು ತಾನ ತಗಿಯೋ ಸೀನಂತೂ ಭಾರಿ ಮಸ್ತ್. ಬ್ಯಾರೆಯವರಾಗಿದ್ರ ಓಡಿ ಹೋಗ್ತಿದ್ರು. ನನಗೇನೂ ಅನಿಸಲಿಲ್ಲ ಬಿಡ್ರಿ."

ಎದುರಿಗಿದ್ದ ಬಾಯಿಗಳೆಲ್ಲ ತೆರೆದುಕೊಂಡವು. ಸ್ಫೂರ್ತಿ ಓಡಿಬಂದು ಅವನ ಕಿವಿಯತ್ತ ಕೈಮಾಡಿ ತೋರಿಸಿದಳು. ಕೊಟ್ರಯ್ಯ ಒಂದು ಕಿವಿಯ ಹತ್ತಿ ತೆಗೆದ.

"ಅಜ್ಜಾ, ಪ್ರೊಜೆಕ್ಟರ್ ಕೆಟ್ಟೈತಿ. ಪಿಕ್ಚರ್ ಇನ್ನೂ ಚಾಲೂನ ಆಗಿಲ್ಲ. ಎಲ್ಲಾರೂ ಮುಂದಿನ ಕುರ್ಚಿ ಮರೀಗೆ ಮೊಬೈಲ್ ಹಿಡ್ಕೊಂಡು ನೋಡ್ಕೊಂತ ಕುಂತಿದ್ವಿ. ರಿಪೇರಿ ಆಗೋತನ ಒಂದೆರಡು ಮಾತಾಡ್ರಿ ಅಂದಿದ್ರು ಸರ್."

ಕೊಟ್ರಯ್ಯ ಮೊದಲ ಸಲ ಹಿಂದೆ ತಿರುಗಿದ. ತೆರೆ ಒಗೆದು ಒಣಗಿಹಾಕಿದ ಧೋತರದ ಹಾಗೆ ಖಾಲಿ ಇತ್ತು. ನೆಲ ಬಾಯಿಬಿಟ್ಟರೆ ಇಳಿದುಹೋಗಲು ಅವನು ಸಿದ್ಧನಿದ್ದ.

ಅಷ್ಟರಲ್ಲಿ ಹಾಲೇಶ್ ಮೇಷ್ಟ್ರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಅದ್ಭುತ! ಏನೂ ತೋರಿಸದ ಈಗಿನ ಸಿನಿಮಾಗಳ ಮೇಲೆ ಇದಕ್ಕಿಂತ ಒಳ್ಳೆಯ ವಿಡಂಬನೆ ಇಲ್ಲ!" ಸಭೆಯೆಲ್ಲ ಎದ್ದಿತು, ಶಿಳ್ಳೆ ಹೊಡೆಯಿತು. ಸಿದ್ದಲಿಂಗೇಶ ಇನ್ನು ಮೇಲೆ ದಿನಾ ಎರಡು ಮಿರ್ಚಿ ಪುಕ್ಕಟೆ ಎಂದು ಅಲ್ಲಿಂದಲೇ ಕೂಗಿದ. ಮಾನ ಉಳಿಯಿತು ಎಂದು ಕೊಟ್ರಯ್ಯ ಉಸಿರುಬಿಡುವಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದರು, "ಸರ್, ಪ್ರೊಜೆಕ್ಟರ್ ರೆಡಿ!"

"ಈಗ ನೀವು ಮುಂದ ನಮ್ಮ ಜೋಡಿ ಕುಂದ್ರಬೇಕು. ಬಾಗಿಲು ಗೀಗಿಲು ಬ್ಯಾಡ" ಎಂದು ಮೇಷ್ಟ್ರು ಅವನ ರಟ್ಟೆ ಹಿಡಿದು ಮೊದಲ ಸಾಲಿನ ನಡುವೆ, ತೆರೆಯ ಎದುರಿಗೇ ಕೂರಿಸಿದರು. ಸಂಗಮ್ಮ ಎದ್ದು ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತಳು. ಅವಳು ನಗುತ್ತಿರಲಿಲ್ಲ.

"ಸಂಗಮ್ಮಾ, ಅದು ಅತ್ತರು..."

"ಮೂವತ್ತಾರು ವರ್ಷ ನಿಮ್ಮ ಅಂಗಿ ಒಗದೀನಿ. ಒಂದು ದಿನಾನೂ ಅತ್ತರಿನ ವಾಸನಿ ಬಂದಿಲ್ಲ" ಎಂದಳು ಸಂಗಮ್ಮ ಮೆಲ್ಲಗೆ. "ಅವತ್ತು ಟಾಕೀಸಿನಾಗ ನಮ್ಮಪ್ಪ ನಿಮ್ಮ ಬೆನ್ನು ನೋಡಿದ್ನೇನೋ. ನಾನು ಬಾಗಿಲ ಹತ್ರ ಕುಂತಿದ್ದೆ. ನಿಮ್ಮ ಮೊಣಕಾಲು ಗದಗದ ನಡಗಾಕತ್ತಿದ್ವು. ಇಷ್ಟು ಅಂಜೋ ಮನಿಷ್ಯಾ ಹೆಂಡ್ತಿ ಮ್ಯಾಲ ಕೈ ಎತ್ತಂಗಿಲ್ಲ ಅಂತ ಹೂಂ ಅಂದೆ. ಎತ್ತಲೂ ಇಲ್ಲ ನೀವು."

ಕೊಟ್ರಯ್ಯನಿಗೆ ಮೂವತ್ತಾರು ವರ್ಷದ ಭಾರ ಒಮ್ಮೆಲೇ ಇಳಿದು, ಅವಳ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿ, ಕಣ್ಣು ತುಂಬಿ ಬಂತು. ದೀಪಗಳು ಒಂದೊಂದಾಗಿ ಆರತೊಡಗಿದವು. ತೆರೆ ಈ ಸಲ ನಿಜವಾಗಿಯೂ ಬೆಳಗಿತು. ಎಲ್ಲಿಂದಲೋ ಒಂದು ಬಾಗಿಲು ಕಿರ್ರೆಂದಿತು. ಅವನು ಆಗ ಕಿವಿಯಿಂದ ತೆಗೆದಿದ್ದ ಹತ್ತಿಯುಂಡೆಗಾಗಿ ಅಂಗೈ ಬಿಚ್ಚಿದ.

ಸಂಗಮ್ಮ ಅದನ್ನು ಚಟ್ಟನೆ ಕಸಿದುಕೊಂಡಳು. ಅವನ ಇನ್ನೊಂದು ಕಿವಿಯಲ್ಲಿದ್ದದ್ದನ್ನೂ ಎಳೆದುಕೊಂಡಳು.

"ಇತ್ತ ಕೊಡ್ರಿ. ನಿಮಗರೆ ಗೇಟಿನಾಗ ನಿಂತ ರೂಢಿ ಐತಿ. ನನಗ ಭಾಳ ಅಂಜಿಕಿ" ಎಂದು ಎರಡೂ ಉಂಡೆಗಳನ್ನು ತನ್ನ ಕಿವಿಗೆ ಒತ್ತಿಕೊಂಡು, ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಅವನ ಎರಡೂ ಕೈಯನ್ನು ಗಟ್ಟಿಯಾಗಿ ಹಿಡಿದು ಕುಳಿತಳು.

ಕಣ್ಣು ಮುಚ್ಚಿಕೊಳ್ಳಲು ಕೊಟ್ರಯ್ಯನಿಗೆ ಒಂದು ಕೈಯೂ ಉಳಿಯಲಿಲ್ಲ.